ಕ್ಷಾರಲೋಹಗಳ ಕುಲವೂ ಅದರ ಕಡೆಯ ಕುಡಿಯೂ

ಬೇಸಗೆ ಬಂತೆಂದರೆ ನಮ್ಮ ಬಯಲುಸೀಮೆಯ ತಗ್ಗು ನೆಲಗಳಲ್ಲಿ ಬೆಳ್ಳನೆಯ ಹುಡಿಯೊಂದು ಮೇಲೆದ್ದು ನಿಲ್ಲುವುದನ್ನು ಕಾಣದವರು ವಿರಳ. ಅದಕ್ಕೆ ಸವುಳು ಎಂದು ಹೆಸರು. ಸಾಬೂನು ಬರುವುದಕ್ಕೆ ಎಷ್ಟೋ ಕಾಲ ಮೊದಲು ಅಗಸರು ಈ ಸವುಳು ಮಣ್ಣಿನಿಂದಲೇ ಬಟ್ಟೆಯ ಕೊಳೆಯನ್ನು ತೆಗೆಯುತ್ತಿದ್ದರು. ಒಲೆಯ ಬೂದಿಯಿಂದ ಪಾತ್ರೆಗಳನ್ನು ಬೆಳಗುತ್ತಿದ್ದ ಗೃಹಿಣಿಯರೂ ಅದೇ ಗುಣವುಳ್ಳ ಮತ್ತೊಂದು ವಸ್ತುವನ್ನು ಬಳಸುತ್ತಿದ್ದರು. ಗಿಡಮೂಲಿಕೆಗಳನ್ನು ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಕಾಯಿಸಿ, ಅದಕ್ಕೆ ಸುಟ್ಟ ಸುಣ್ಣದ ಕಲ್ಲನ್ನೂ ಚಿಪ್ಪನ್ನೂ ಕೂಡಿಸಿ ಕ್ಷಾರವನ್ನು ತೀಕ್ಷ್ಣಗೊಳಿಸುವ ವಿಧಾನವನ್ನು ಸುಶ್ರುತಸಂಹಿತೆಯು ವಿವರವಾಗಿ ಹೇಳಿದೆ. ಶಸ್ತ್ರದಿಂದ ಮಾಡತಕ್ಕ ಕೆಲವು ಚಿಕಿತ್ಸೆಗಳನ್ನು ನಮ್ಮ ಪ್ರಾಚೀನ ವೈದ್ಯರು ಈ ಕ್ಷಾರದಿಂದಲೇ ಮಾಡುತ್ತಿದ್ದರು. ಅರಬರು ಬೂದಿಯ ಉಪ್ಪನ್ನು ಅಲ್‌ಕಲಿ ಎಂದು ಕರೆದರು. ಐರೋಪ್ಯ ಭಾಷೆಗಳ ಆಲ್ಕಲಿ ಎಂಬ ಶಬ್ದವು ಅಲ್ಲಿಂದಲೇ ಹೊರಟಿತು.

ಹೀಗೆ ಕ್ಷಾರಗಳ ಪರಿಚಯವು ಮನುಷ್ಯನಿಗೆ ಸಾವಿರಾರು ವರ್ಷಗಳದು. ಆದರೆ ಈ ಬೂದಿಯ ಒಡಲಿನಲ್ಲಿ, ಈ ಸವುಳಿನ ಹುಡಿಯಲ್ಲಿ, ಬೆಳ್ಳಿಯಂತೆ ಹೊಳೆಯುವ ಲೋಹಗಳು ಅಡಗಿವೆಯೆಂಬುದನ್ನು ಯಾರೂ ಊಹಿಸಿರಲಿಲ್ಲ. ಆ ಲೋಹಗಳನ್ನು ಒಂದೊಂದಾಗಿ ಹೊರಕ್ಕೆ ತಂದ ಕಥೆಯು ೧೮೦೭ರಲ್ಲಿ ಆರಂಭವಾಗಿ ೧೯೩೯ರಲ್ಲಿ ಮುಗಿಯಿತು. ಲಿಥಿಯಂ, ಸೋಡಿಯಂ, ಪೊಟಾಸಿಯಂ, ರುಬಿಡಿಯಂ, ಸೀಸಿಯಂ, ಫ್ರಾನ್ಸಿಯಂ ಎಂಬ ಆರು ಲೋಹಗಳು ಈ ಕುಲಕ್ಕೆ ಸೇರಿದವು. ಮೊದಲಿನ ಐದನ್ನು ಹುಡುಕಿದವರು ಐವತ್ತೈದು ವರ್ಷಗಳೊಳಗೆ ಅವುಗಳನ್ನು ಕಂಡುಕೊಂಡರು. ಆರನೆಯದಕ್ಕೆ ಮಾತ್ರ ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಹೆಸರಾಂತ ಪಂಡಿತರು ಅದನ್ನು ಕಂಡೆವೆಂದು ಸಾರಿ ಸೋತರು. ವಿಶ್ವವಿದ್ಯಾನಿಲಯದ ಪದವಿಯೂ ಇಲ್ಲದ ಒಬ್ಬ ಪ್ರಯೋಗಶಾಲೆಯ ಸಹಾಯಕಿಯ ಕೈಗೆ ಅದು ಸಿಕ್ಕಿತು. ಇದು ಹೇಗೆ ಆಯಿತೆಂಬುದೇ ಇಂದಿನ ವಿಚಾರ.

ಹದಿನೆಂಟನೆಯ ಶತಮಾನದವರೆಗೂ ಸೋಡಾ, ಪೊಟ್ಯಾಷ್ ಎಂಬ ಎರಡು ಕ್ಷಾರಗಳ ಭೇದವೇ ಸ್ಪಷ್ಟವಾಗಿರಲಿಲ್ಲ. ೧೭೩೬ರಲ್ಲಿ ಫ್ರಾನ್ಸಿನ ದ್ಯುಅಮೆಲ್ ಎಂಬಾತನು ಇವೆರಡೂ ಬೇರೆ ಬೇರೆಯೆಂದು ತೋರಿಸಿಕೊಟ್ಟನು. ಅವು ಮೂಲವಸ್ತುಗಳೋ, ಅಥವಾ ಬೇರೆ ವಸ್ತುಗಳ ಸಂಯೋಗದಿಂದ ಆದುವೋ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಆಧುನಿಕ ರಸಾಯನಶಾಸ್ತ್ರದ ಮೂಲಪುರುಷನೆನಿಸಿದ ಲಾವಾಸಿಯೇ ೧೭೮೯ರಲ್ಲಿ ತನ್ನ ಮೂಲವಸ್ತುಗಳ ಪಟ್ಟಿಯನ್ನು ಪ್ರಕಟಿಸಿದಾಗ ಈ ಕ್ಷಾರಗಳನ್ನು ಅದರಲ್ಲಿ ಸೇರಿಸಲಿಲ್ಲ. ಇವು ಸಂಯುಕ್ತಗಳಾಗಿರಬೇಕೆಂದು ಅವನ ಮನಸ್ಸಿಗೆ ತೋರಿತ್ತು. ಆದರೆ ಬಿಡಿಸಿ ತೋರಿಸುವ ಉಪಾಯವು ಅವನಲ್ಲಿರಲಿಲ್ಲ. ಎಂತಹ ಬೆಂಕಿಗೂ ಬಗ್ಗದ ಈ ಬಂಧನವನ್ನು ಬಿಡಿಸಲು ಬೆಂಕಿಗಿಂತ ಬಲವಾದುದೊಂದು ಬೇಕಾಗಿತ್ತು.

ಅದನ್ನು ಒದಗಿಸಿದವನು ಇಟಲಿಯ ವೋಲ್ಟಾ. ೧೮೦೦ರಲ್ಲಿ ಆತನು ತನ್ನ ವಿದ್ಯುತ್ಕೋಶವನ್ನು ಲೋಕಕ್ಕೆ ತಿಳಿಸಿದನು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿದ್ದ ಹಂಫ್ರಿ ಡೇವಿಯು ಇಂಥ ಕೋಶಗಳನ್ನು ಸಾಲುಸಾಲಾಗಿ ಜೋಡಿಸಿ ಕ್ಷಾರಗಳ ಮೇಲೆ ಪ್ರಯೋಗಕ್ಕೆ ತೊಡಗಿದನು. ಮೊದಲು ಪೊಟ್ಯಾಷನ್ನು ನೀರಿನಲ್ಲಿ ಕರಗಿಸಿ ವಿದ್ಯುತ್ತನ್ನು ಹರಿಯಿಸಿದಾಗ ನೀರು ಒಡೆದು ಜಲಜನಕ ಆಮ್ಲಜನಕಗಳು ಬಂದವೇ ಹೊರತು ಕ್ಷಾರವು ಅಲುಗಲಿಲ್ಲ. ನೀರನ್ನು ಪೂರ್ತಿಯಾಗಿ ತೆಗೆದುಬಿಟ್ಟರೆ ಒಣಗಿದ ಪೊಟ್ಯಾಷಿನಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ. ಕೊನೆಗೆ ಡೇವಿಯು ಪೊಟ್ಯಾಷಿನ ಒಂದು ಚೂರನ್ನು ಗಾಳಿಯ ಪಸೆಯನ್ನು ಹೀರಿಕೊಳ್ಳುವಷ್ಟು ಹೊತ್ತು ಮಾತ್ರ ಬಿಟ್ಟು, ಬಳಿಕ ಪ್ಲಾಟಿನಂ ಪಾತ್ರೆಯಲ್ಲಿಟ್ಟು ವಿದ್ಯುತ್ತನ್ನು ಹಾಯಿಸಿದನು. ಅದು ೧೮೦೭ರ ಅಕ್ಟೋಬರ್ ೬ನೆಯ ದಿನ. ಕ್ಷಾರವು ಕರಗತೊಡಗಿತು, ಕೆಳಗಡೆ ಪಾದರಸದಂತೆ ಹೊಳೆಯುವ ಸಣ್ಣ ಸಣ್ಣ ಗುಂಡುಗಳು ಕಾಣಿಸಿಕೊಂಡವು, ಕೆಲವು ಪಟಪಟನೆ ಸಿಡಿದು ಉರಿದುಹೋದವು. ಇದನ್ನು ಕಂಡ ಡೇವಿಯು ಆನಂದದಿಂದ ಕೊಠಡಿಯಲ್ಲೆಲ್ಲ ಕುಣಿದಾಡಿದನೆಂದು ಅವನಿಗೆ ಸಹಾಯಕನಾಗಿದ್ದ ಬಂಧು ಎಡ್ಮಂಡ್ ಡೇವಿಯು ಹೇಳಿದ್ದುಂಟು. ಪೊಟಾಸಿಯಂ ದೊರೆತ ಕೆಲವೇ ದಿನಗಳಲ್ಲಿ ಸೋಡಿಯಂ ಕೂಡ ದೊರೆಯಿತು. ನವೆಂಬರ್ ೧೯ರಂದು ರಾಯಲ್ ಸೊಸೈಟಿಯ ಮುಂದೆ ಡೇವಿಯು ಈ ಎರಡು ಲೋಹಗಳ ವೃತ್ತಾಂತವನ್ನು ಓದಿದನು. ಓದಿದ ಕೆಲವು ದಿನಗಳಲ್ಲಿಯೇ ಹಾಸಿಗೆ ಹಿಡಿದು ವಾರಗಟ್ಟಲೆ ಸಾವುಬದುಕಿನ ನಡುವೆ ಇದ್ದನು.

ಲೋಹವೆಂದರೆ ಗಟ್ಟಿಯಾದುದು, ಭಾರವಾದುದು, ನೀರಿನಲ್ಲಿ ಮುಳುಗುವುದು ಎಂಬುದು ಅಂದಿನವರೆಗಿನ ನಂಬಿಕೆ. ಈ ಹೊಸ ಲೋಹಗಳಾದರೋ ಬೆಣ್ಣೆಯಂತೆ ಚಾಕುವಿಗೆ ಸಿಕ್ಕಿ ಕತ್ತರಿಸಿಹೋಗುವುವು. ನೀರಿನ ಮೇಲೆ ತೇಲುವುವು. ತೇಲುವುದಷ್ಟೇ ಅಲ್ಲ, ನೀರನ್ನು ಸೋಕಿದೊಡನೆ ಕೆರಳಿ ಓಡಾಡುವುವು. ಪೊಟಾಸಿಯಂ ನೀರಿನ ಮೇಲೆಯೇ ನೇರಿಳೆಯ ಜ್ವಾಲೆಯಿಂದ ಹತ್ತಿಕೊಂಡು ಉರಿಯುವುದು. ಇಂಥವನ್ನು ಲೋಹಗಳೆನ್ನಬಹುದೇ ಎಂದು ಕೆಲವರು ಅನುಮಾನಿಸಿದರು. ಲೋಹದ ಲಕ್ಷಣವು ತೂಕದಲ್ಲಿಲ್ಲ, ಹೊಳಪಿನಲ್ಲಿಯೂ ವಿದ್ಯುತ್ತನ್ನು ಒಯ್ಯುವ ಶಕ್ತಿಯಲ್ಲಿಯೂ ರಾಸಾಯನಿಕ ನಡವಳಿಕೆಯಲ್ಲಿಯೂ ಇದೆಯೆಂದು ಡೇವಿಯು ವಾದಿಸಿದನು. ಅವನ ವಾದವೇ ನಿಂತಿತು.

ಮೂರನೆಯ ಸೋದರನು ಸಿಕ್ಕಿದುದು ಕಲ್ಲಿನಲ್ಲಿ. ಸ್ವೀಡನ್ ದೇಶದ ಊಟೋ ಎಂಬ ದ್ವೀಪದಿಂದ ಬಂದ ಪೆಟಲೈಟ್ ಎಂಬ ಖನಿಜವನ್ನು ೧೮೧೭ರಲ್ಲಿ ಬರ್ಜೀಲಿಯಸ್ ಮಹಾಶಯನ ಪ್ರಯೋಗಶಾಲೆಯಲ್ಲಿ ಆರ್ಫ್‌ವೆಡ್‌ಸನ್ ಎಂಬ ತರುಣನು ಪರೀಕ್ಷಿಸುತ್ತಿದ್ದನು. ಬೂದಿಯಿಂದಲೂ ಸವುಳಿನಿಂದಲೂ ಬಂದ ಕ್ಷಾರಗಳಿಗಿಂತ ಭಿನ್ನವಾದ ಮತ್ತೊಂದು ಕ್ಷಾರವು ಅದರಲ್ಲಿ ಕಂಡುಬಂದಿತು. ಕಲ್ಲಿನಲ್ಲಿ ದೊರೆತುದರಿಂದ, ಗ್ರೀಕರ ಭಾಷೆಯಲ್ಲಿ ಕಲ್ಲಿಗಿರುವ ಹೆಸರನ್ನೇ ಹಿಡಿದು, ಅದರ ಲೋಹಕ್ಕೆ ಲಿಥಿಯಂ ಎಂದು ಹೆಸರಾಯಿತು. ಲೋಹಗಳಲ್ಲೆಲ್ಲ ಇದೇ ಅತ್ಯಂತ ಹಗುರವಾದುದು. ಎಣ್ಣೆಯ ಮೇಲೂ ತೇಲುವುದು. ಇಂದು ಕೈಯಲ್ಲಿ ಹಿಡಿಯುವ ದೂರವಾಣಿಯಿಂದ ಮೊದಲುಗೊಂಡು ಬೀದಿಯಲ್ಲಿ ಓಡುವ ವಿದ್ಯುತ್ ವಾಹನದವರೆಗೆ ಶಕ್ತಿಯನ್ನು ತುಂಬಿಡುವ ಬ್ಯಾಟರಿಗಳಿಗೆ ಈ ಲೋಹವೇ ಆಧಾರ. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲ ಪ್ರದೇಶದ ಶಿಲೆಗಳಲ್ಲಿಯೂ ಲಿಥಿಯಂ ಇರುವುದನ್ನು ಭೂವಿಜ್ಞಾನಿಗಳು ಕಂಡಿದ್ದಾರೆ.

ಈ ಮೂರೂ ತೂಗಿ ಅಳೆಯುವ ಹಳೆಯ ವಿಧಾನಗಳಿಗೆ ಸಿಕ್ಕವು. ಮುಂದಿನ ಎರಡು ಅಷ್ಟು ಸುಲಭವಾಗಿ ಸಿಕ್ಕತಕ್ಕವಲ್ಲ. ಅವುಗಳ ನಡತೆಯು ಪೊಟಾಸಿಯಂ ಲೋಹದ ನಡತೆಯನ್ನು ಎಷ್ಟು ಹೋಲುತ್ತದೆಯೆಂದರೆ, ಮುಂದೆ ಬಂದು ನಿಂತರೂ ರಸಾಯನಶಾಸ್ತ್ರಜ್ಞನು ಗುರುತಿಸಲಾರನು. ಇದಕ್ಕೆ ಒಂದು ನಿದರ್ಶನವು ಮನನೀಯವಾಗಿದೆ. ೧೮೪೬ರಲ್ಲಿ ಜರ್ಮನಿಯ ಪ್ಲಾಟ್ನರ್ ಎಂಬ ಪಂಡಿತನು ಎಲ್ಬಾ ದ್ವೀಪದಿಂದ ಬಂದ ಒಂದು ಅಪೂರ್ವ ಖನಿಜವನ್ನು ವಿಶ್ಲೇಷಿಸಿದನು. ಅದರಲ್ಲಿದ್ದ ಭಾಗಗಳನ್ನೆಲ್ಲ ಬೇರ್ಪಡಿಸಿ ತೂಗಿ ಕೂಡಿಸಿದರೆ ನೂರಕ್ಕೆ ತೊಂಬತ್ತಮೂರರಷ್ಟು ಮಾತ್ರ ಲೆಕ್ಕ ಸಿಕ್ಕಿತು. ಉಳಿದ ಏಳು ಪಾಲು ಎಲ್ಲಿಗೆ ಹೋಯಿತು? ಪ್ಲಾಟ್ನರನು ಎಚ್ಚರಿಕೆಯಿಲ್ಲದವನಲ್ಲ, ಆದರೂ ಆ ಕೊರತೆಯ ಕಾರಣವು ಅವನಿಗೆ ತಿಳಿಯಲಿಲ್ಲ. ಲೆಕ್ಕವನ್ನು ತಿದ್ದಿ ನೂರು ಮಾಡಿ ತೋರಿಸದೆ, ಕೊರತೆಯನ್ನು ಕೊರತೆಯೆಂದೇ ಬರೆದಿಟ್ಟನು. ಹದಿನೆಂಟು ವರ್ಷಗಳ ಮೇಲೆ, ೧೮೬೪ರಲ್ಲಿ, ಪಿಸಾನಿ ಎಂಬಾತನು ಅದೇ ಖನಿಜವನ್ನು ಪರೀಕ್ಷಿಸಿ, ಪ್ಲಾಟ್ನರನು ಸೋಡಿಯಂ ಪೊಟಾಸಿಯಂಗಳೆಂದು ಭಾವಿಸಿದುದು ಅವುಗಳಿಗಿಂತ ಬಹು ಭಾರವಾದ ಸೀಸಿಯಂ ಎಂದು ತೋರಿಸಿದನು. ಲೆಕ್ಕವು ಸರಿಹೋಯಿತು. ಪ್ರಾಮಾಣಿಕವಾಗಿ ಬರೆದಿಟ್ಟ ಒಂದು ಕೊರತೆಯು ಎಷ್ಟೋ ಬಾರಿ ಪೂರ್ಣವಾಗಿ ಕಾಣುವ ಲೆಕ್ಕಕ್ಕಿಂತ ಬೆಲೆಯುಳ್ಳದ್ದೆಂಬುದಕ್ಕೆ ಇದು ಸಾಕ್ಷಿ.

ಅಷ್ಟರಲ್ಲಿ ಸೀಸಿಯಂ ಬೇರೊಂದು ಮಾರ್ಗದಿಂದ ಬೆಳಕಿಗೆ ಬಂದಿತ್ತು. ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದ ಬುನ್ಸೆನ್ ಮತ್ತು ಕಿರ್ಖಾಫ್ ಎಂಬ ಇಬ್ಬರು ಮಿತ್ರರು, ಜ್ವಾಲೆಯಲ್ಲಿ ಕಾದ ವಸ್ತುವಿನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ಅದರ ವರ್ಣಪಟಲವನ್ನು ನೋಡುವ ಯಂತ್ರವನ್ನು ರಚಿಸಿದರು. ಒಂದೊಂದು ಮೂಲವಸ್ತುವೂ ತನ್ನದೇ ಆದ ಬಣ್ಣದ ರೇಖೆಗಳನ್ನು ತೋರಿಸುವುದು. ಅದು ಅದರ ಹಸ್ತಾಕ್ಷರವಿದ್ದಂತೆ. ೧೮೬೦ರಲ್ಲಿ ಡ್ಯುರ್ಕ್‌ಹೈಮ್ ಎಂಬ ಊರಿನ ಖನಿಜಜಲವನ್ನು ಹೀಗೆ ಪರೀಕ್ಷಿಸುವಾಗ ಅದುವರೆಗೆ ಯಾರೂ ಕಾಣದಿದ್ದ ಎರಡು ನೀಲಿಯ ರೇಖೆಗಳು ಕಾಣಿಸಿದವು. ಆಕಾಶದ ನೀಲಿಯನ್ನು ಸೂಚಿಸುವ ಲ್ಯಾಟಿನ್ ಶಬ್ದದಿಂದ ಅದಕ್ಕೆ ಸೀಸಿಯಂ ಎಂದು ಹೆಸರಿಟ್ಟರು. ಕಂಡರೆ ಸಾಲದು, ಕೈಗೆ ಸಿಕ್ಕಬೇಕಲ್ಲವೆ? ಬುನ್ಸೆನ್ ಆ ನೀರನ್ನು ೪೦ ಟನ್ನಿಗೂ ಮೇಲ್ಪಟ್ಟು ಬತ್ತಿಸಿ, ಕೊನೆಗೆ ಕೆಲವೇ ಗ್ರಾಂ ತೂಕದ ಲವಣವನ್ನು ಪಡೆದನು. ಮರುವರ್ಷ, ೧೮೬೧ರಲ್ಲಿ, ಲೆಪಿಡೊಲೈಟ್ ಎಂಬ ಅಭ್ರಕದ ಜಾತಿಯ ಖನಿಜದಲ್ಲಿ ಕಡುಗೆಂಪು ರೇಖೆಗಳು ಕಾಣಿಸಿ ರುಬಿಡಿಯಂ ಹೊರಬಿತ್ತು. ಮನುಷ್ಯನು ಮೊದಲು ಬೆಳಕಿನಲ್ಲಿ ಕಂಡು ಆಮೇಲೆ ವಸ್ತುವಾಗಿ ಪಡೆದ ಮೂಲವಸ್ತುಗಳಲ್ಲಿ ಇವೇ ಮೊದಲಿನವು.

ಈಗ ಐವರು ಸೋದರರು ಒಂದೆಡೆ ಸೇರಿದರು. ಇವರ ಕ್ರಮವೂ ಸೊಗಸಾಗಿದೆ. ತೂಕವು ಹೆಚ್ಚಿದಂತೆಲ್ಲ ಕೋಪವೂ ಹೆಚ್ಚುತ್ತದೆ, ಮೃದುತ್ವವೂ ಹೆಚ್ಚುತ್ತದೆ. ಲಿಥಿಯಂ ನೀರಿನಲ್ಲಿ ಸಮಾಧಾನದಿಂದ ಕುದಿಯುವುದು; ಸೀಸಿಯಂ ನೀರನ್ನು ಮುಟ್ಟಿದ ಕ್ಷಣವೇ ಸ್ಫೋಟಿಸುವುದು. ಲಿಥಿಯಂ ಕರಗಲು ೧೮೦ ಡಿಗ್ರಿಯ ಉಷ್ಣತೆ ಬೇಕು. ಸೀಸಿಯಂ ಕರಗುವುದಕ್ಕೆ ಇಪ್ಪತ್ತೆಂಟೂವರೆ ಡಿಗ್ರಿಯೇ ಸಾಕು, ಎಂದರೆ ನಮ್ಮ ಕಲ್ಬುರ್ಗಿ ರಾಯಚೂರುಗಳ ಬೇಸಗೆಯಲ್ಲಿ ಅದು ನೀರಾಗಿಯೇ ಇರುವುದು. ಇದಕ್ಕೆ ಕಾರಣವನ್ನು ಇಪ್ಪತ್ತನೆಯ ಶತಮಾನದ ವಿಜ್ಞಾನವು ತಿಳಿಸಿತು. ಈ ಕುಲದ ಪರಮಾಣುಗಳೆಲ್ಲ ತಮ್ಮ ಹೊರಗಿನ ಆವರಣದಲ್ಲಿ ಒಂದೇ ಒಂದು ಎಲೆಕ್ಟ್ರಾನನ್ನು ಇಟ್ಟುಕೊಂಡಿವೆ. ಪರಮಾಣುವು ದೊಡ್ಡದಾದಂತೆ ಆ ಒಂಟಿ ಎಲೆಕ್ಟ್ರಾನು ಕೇಂದ್ರದಿಂದ ದೂರವಾಗಿ, ಅದರ ಹಿಡಿತವು ಸಡಿಲವಾಗಿ, ಬೇರೆ ವಸ್ತುವಿಗೆ ಬೇಗನೆ ವಶವಾಗುವುದು. ಕೈಬಿಟ್ಟು ಕೊಡುವ ಸ್ವಭಾವವೇ ಈ ಕುಲದ ರಾಸಾಯನಿಕ ಶಕ್ತಿ.

ಈ ಕ್ರಮವನ್ನು ಎಲ್ಲ ಮೂಲವಸ್ತುಗಳಿಗೂ ವಿಸ್ತರಿಸಿ ೧೮೬೯ರಲ್ಲಿ ಆವರ್ತಕ ಕೋಷ್ಟಕವನ್ನು ರಚಿಸಿದವನು ರಷ್ಯದ ಮೆಂಡಲೀಫ್. ಕಂಡ ವಸ್ತುಗಳನ್ನು ಸಾಲಾಗಿ ಇಟ್ಟುದು ಅವನ ಹೆಚ್ಚುಗಾರಿಕೆಯಲ್ಲ. ಕಾಣದ ವಸ್ತುಗಳಿಗೆ ಸ್ಥಳವನ್ನು ಬಿಟ್ಟುದು ಹೆಚ್ಚುಗಾರಿಕೆ. ಅವನು ಖಾಲಿ ಬಿಟ್ಟ ಮನೆಗಳಲ್ಲಿ ಗ್ಯಾಲಿಯಂ ೧೮೭೫ರಲ್ಲಿಯೂ ಸ್ಕ್ಯಾಂಡಿಯಂ ೧೮೭೯ರಲ್ಲಿಯೂ ಜರ್ಮೇನಿಯಂ ೧೮೮೬ರಲ್ಲಿಯೂ ಬಂದು ಕುಳಿತವು. ಸೀಸಿಯಂ ಲೋಹದ ಕೆಳಗೂ ಒಂದು ಮನೆ ಖಾಲಿಯಾಗಿತ್ತು. ಅಲ್ಲಿಗೆ ಬರಬೇಕಾದುದಕ್ಕೆ ಏಕಸೀಸಿಯಂ ಎಂಬ ಹೆಸರು ನಡೆಯಿತು. ನಮ್ಮ ಸಂಸ್ಕೃತದ ಏಕ ಎಂಬ ಶಬ್ದವನ್ನೇ ಮೆಂಡಲೀಫನು ಇಂಥ ಹೆಸರುಗಳಿಗೆ ಆರಿಸಿಕೊಂಡಿದ್ದನು. ೧೯೧೩ರಲ್ಲಿ ಇಂಗ್ಲೆಂಡಿನ ಮೋಸ್ಲಿಯು ಕ್ಷ-ಕಿರಣಗಳ ಸಹಾಯದಿಂದ ಒಂದೊಂದು ಮೂಲವಸ್ತುವಿಗೂ ತಪ್ಪದ ಸಂಖ್ಯೆಯನ್ನು ಕೊಡುವ ಮಾರ್ಗವನ್ನು ತೋರಿಸಿದನು. ಎರಡು ವರ್ಷಗಳ ಮೇಲೆ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಆತನು ಗಲ್ಲಿಪೊಲಿಯ ರಣರಂಗದಲ್ಲಿ ಗುಂಡಿಗೆ ಬಲಿಯಾದನು. ಆದರೆ ಅವನ ಲೆಕ್ಕವು ಉಳಿಯಿತು. ಇನ್ನು ಸಂಶಯಕ್ಕೆ ಎಡೆಯಿರಲಿಲ್ಲ; ಖಾಲಿಯಿರುವ ಆ ಮನೆಯ ಸಂಖ್ಯೆ ೮೭.

ಸಂಖ್ಯೆ ತಿಳಿದ ಮೇಲೆ ಬೇಟೆಗೆ ವೇಗ ಬಂದಿತು. ೧೯೨೫ರಲ್ಲಿ ಡೊಬ್ರೊಸೆರ್ದೋವ್ ಎಂಬ ರಷ್ಯದ ವಿಜ್ಞಾನಿಯು ಪೊಟಾಸಿಯಂ ಮಾದರಿಯೊಂದರಲ್ಲಿ ಕ್ಷೀಣವಾದ ವಿಕಿರಣವನ್ನು ಕಂಡು, ಇದು ೮೭ರದೇ ಎಂದು ಭಾವಿಸಿ ತನ್ನ ದೇಶದ ಹೆಸರನ್ನೇ ಇಟ್ಟನು. ಆದರೆ ಪೊಟಾಸಿಯಂ ತಾನೇ ಅಲ್ಪವಾಗಿ ವಿಕಿರಣಶೀಲವಾದುದು. ನಮ್ಮ ಮೈಯಲ್ಲಿರುವ ಪೊಟಾಸಿಯಂ ಕೂಡ ಹಾಗೆಯೇ. ಮರುವರ್ಷ ಇಂಗ್ಲೆಂಡಿನ ಡ್ರೂಸ್ ಮತ್ತು ಲೋರಿಂಗ್ ಎಂಬವರು ಕ್ಷ-ಕಿರಣದ ಛಾಯಾಚಿತ್ರಗಳಲ್ಲಿ ೮೭ರ ರೇಖೆಯನ್ನು ಕಂಡೆವೆಂದರು. ೧೯೩೦ರಲ್ಲಿ ಅಮೆರಿಕದ ಆಲಿಸನ್ ಎಂಬ ಪ್ರಾಧ್ಯಾಪಕನು ತಾನೇ ಕಲ್ಪಿಸಿದ ಕಾಂತ-ದ್ಯುತಿ ಯಂತ್ರದಿಂದ ಅದನ್ನು ಕಂಡೆನೆಂದು ಹೇಳಿ ತನ್ನ ಹುಟ್ಟುನಾಡಾದ ವರ್ಜೀನಿಯದ ಹೆಸರನ್ನು ಕೊಟ್ಟನು; ಆ ಹೆಸರು ಕೆಲವು ಪಠ್ಯಪುಸ್ತಕಗಳನ್ನೂ ಸೇರಿತು. ೧೯೩೪ರಲ್ಲಿ ಮ್ಯಾಕ್‌ಫರ್ಸನ್ ಎಂಬಾತನು ಆ ಯಂತ್ರವನ್ನೇ ಪರೀಕ್ಷಿಸಿ, ಆ ವಿಧಾನವೇ ನಂಬಲು ಯೋಗ್ಯವಲ್ಲವೆಂದು ತೋರಿಸಿದನು. ೧೯೩೬ರಲ್ಲಿ ರುಮೇನಿಯದ ಹುಲುಬೇ ಮತ್ತು ಫ್ರಾನ್ಸಿನ ಕೋಶ್ವಾ ಎಂಬ ಸಮರ್ಥರಾದ ಇಬ್ಬರು, ಪ್ಲಾಟ್ನರನನ್ನು ಕಾಡಿದ ಆ ಸೀಸಿಯಂ ಖನಿಜದಲ್ಲಿಯೇ ೮೭ರ ಕ್ಷೀಣರೇಖೆಗಳನ್ನು ಕಂಡೆವೆಂದರು. ಮೊಲ್ಡೇವಿಯ ಪ್ರಾಂತದ ಹೆಸರು ಅದಕ್ಕೆ ಬಂದಿತು. ನೊಬೆಲ್ ಪಾರಿತೋಷಕವನ್ನು ಪಡೆದ ಪೆರ್ರಾಂ ಮಹಾಶಯನೇ ಅವರನ್ನು ಸಮರ್ಥಿಸಿದನು.

ಇವರಲ್ಲಿ ಅನೇಕರನ್ನು ದಾರಿ ತಪ್ಪಿಸಿದುದು ಒಂದು ಸಹಜವಾದ ತರ್ಕ. ತಮ್ಮನು ಅಣ್ಣನ ಮನೆಯಲ್ಲಿಯೇ ಇರಬೇಕು. ಸೀಸಿಯಂ ಎಲ್ಲಿದೆಯೋ ೮೭ ಕೂಡ ಅಲ್ಲಿಯೇ ಇರಬೇಕು ಎಂಬುದು ಆ ತರ್ಕ. ರುಬಿಡಿಯಂ ಸೀಸಿಯಂಗಳ ವಿಷಯದಲ್ಲಿ ಇದು ಫಲಿಸಿತ್ತು. ಆದರೆ ಬಿಸ್ಮತ್ ಲೋಹದಿಂದಾಚೆಗೆ ಇರುವ ಮೂಲವಸ್ತುಗಳೆಲ್ಲ ಒಂದಲ್ಲ ಒಂದು ಕಾಲಕ್ಕೆ ತಾವಾಗಿಯೇ ಶಿಥಿಲವಾಗಿ ಮತ್ತೊಂದಾಗುವ ಜಾತಿಯವು. ಅಂಥ ವಸ್ತುವನ್ನು ಅದರ ಬಂಧುಗಳ ನಡುವೆ ಹುಡುಕುವುದಲ್ಲ, ಅದರ ಜನ್ಮದಾತೃವಿನ ಬಳಿಯಲ್ಲಿ ಹುಡುಕಬೇಕು. ೧೯೧೪ರಲ್ಲಿಯೇ ವಿಯೆನ್ನಾದ ಮೇಯರ್, ಹೆಸ್, ಪಾನೆತ್ ಎಂಬ ಮೂವರು ಆಕ್ಟಿನಿಯಂ ಎಂಬ ವಿಕಿರಣಶೀಲ ವಸ್ತುವಿನಿಂದ ಕೆಲವು ಆಲ್ಫಾ ಕಣಗಳು ಹೊರಡುವುದನ್ನು ಗಮನಿಸಿದ್ದರು. ಆಕ್ಟಿನಿಯಂ ಸಂಖ್ಯೆ ೮೯, ಆಲ್ಫಾ ಕಣವು ಹೊರಟರೆ ಸಂಖ್ಯೆಯಲ್ಲಿ ಎರಡು ಕಳೆಯುವುದು, ಉಳಿಯುವುದು ೮೭. ಬಾಲಕನೂ ಮಾಡಬಹುದಾದ ಲೆಕ್ಕವಿದು. ಆದರೆ ಆ ಕಣಗಳು ಆಕ್ಟಿನಿಯಂನಿಂದಲೇ ಬಂದವೋ, ಅದರೊಡನೆ ಬೆರೆತಿದ್ದ ಬೇರೆ ವಸ್ತುವಿನಿಂದಲೋ ಎಂಬ ಸಂದೇಹವು ಹೋಗಲಿಲ್ಲ. ಅದೇ ವರ್ಷ ಮಹಾಯುದ್ಧವೂ ಬಂದಿತು.

ಸಂದೇಹವನ್ನು ಕಳೆದವಳು ಮಾರ್ಗರೀತ್ ಪೆರೆ. ಈಕೆ ಹುಟ್ಟಿದುದು ೧೯೦೯ರಲ್ಲಿ, ಪ್ಯಾರಿಸ್ಸಿನ ಬಳಿಯ ವಿಲ್ಮೋಂಬ್ಲ್ ಎಂಬ ಊರಿನಲ್ಲಿ. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡಳು; ಮನೆಯ ಸ್ಥಿತಿ ಕುಗ್ಗಿತು. ವೈದ್ಯಳಾಗಬೇಕೆಂಬ ಆಸೆಯನ್ನು ಬಿಟ್ಟು, ಸ್ತ್ರೀಯರಿಗಾಗಿದ್ದ ಒಂದು ಶಿಲ್ಪವಿದ್ಯಾಶಾಲೆಯಲ್ಲಿ ರಸಾಯನದ ಡಿಪ್ಲೊಮಾ ಪಡೆದು, ೧೯೨೯ರಲ್ಲಿ ರೇಡಿಯಂ ಸಂಸ್ಥೆಯಲ್ಲಿ ಕೆಲಸಕ್ಕೆ ಬಂದಳು. ಕಪ್ಪು ಉಡುಪನ್ನು ಧರಿಸಿದ್ದ ಒಬ್ಬ ಹೆಂಗಸು ಮೆಲ್ಲನೆ ಒಳಗೆ ಬಂದು ಮಾತನಾಡಿಸಿದಾಗ, ಅಲ್ಲಿಯ ಕಾರ್ಯದರ್ಶಿಯಿರಬೇಕೆಂದು ಪೆರೆ ತಿಳಿದಳಂತೆ. ಆಕೆ ಮೇರಿ ಕ್ಯೂರಿ! ಎರಡು ನೊಬೆಲ್ ಪಾರಿತೋಷಕಗಳನ್ನು ಪಡೆದ ಆ ಮಹಾವಿದುಷಿಯ ಕೈಕೆಳಗೆ ಪೆರೆಗೆ ದೊರೆತ ಕೆಲಸವು ಆಕ್ಟಿನಿಯಂ ಲೋಹವನ್ನು ಶುದ್ಧಿಮಾಡುವುದು.

ಅದೇನೂ ಹಗುರವಾದ ಕೆಲಸವಲ್ಲ. ಒಂದು ಟನ್ ಯುರೇನಿಯಂ ಅದಿರಿನಲ್ಲಿ ಆಕ್ಟಿನಿಯಂ ಇರುವುದು ಒಂದು ಮಿಲಿಗ್ರಾಂಗಿಂತ ಎಷ್ಟೋ ಕಡಿಮೆ. ಅದೂ ಲ್ಯಾಂಥನಂ ಎಂಬ ಮತ್ತೊಂದು ವಸ್ತುವಿನೊಡನೆ ಹಾಲಿನಲ್ಲಿ ನೀರು ಬೆರೆತಂತೆ ಬೆರೆತಿರುವುದು. ಕರಗಿಸುವುದು, ಹರಳುಗಟ್ಟಿಸುವುದು, ಸೋಸುವುದು, ಮತ್ತೆ ಕರಗಿಸುವುದು. ಹೀಗೆ ದಿನಗಟ್ಟಲೆ, ತಿಂಗಳುಗಟ್ಟಲೆ ಮಾಡುತ್ತಿರಬೇಕು. ಇದಕ್ಕಿಂತ ಹೆಚ್ಚಿನ ತೊಡಕು ಇನ್ನೊಂದಿದೆ. ಶುದ್ಧಿಮಾಡಿದ ಆಕ್ಟಿನಿಯಂ ಶುದ್ಧವಾಗಿ ಉಳಿಯುವುದಿಲ್ಲ. ಒಡನೆಯೇ ತನ್ನಿಂದ ಮಗನನ್ನೂ ಮೊಮ್ಮಗನನ್ನೂ ಹುಟ್ಟಿಸತೊಡಗುವುದು. ಆ ಸಂತತಿಯ ವಿಕಿರಣದ ಗದ್ದಲದಲ್ಲಿ ತಾಯಿಯ ದನಿಯೇ ಕೇಳಿಸದು. ೧೯೩೪ರಲ್ಲಿ ಮೇರಿ ಕ್ಯೂರಿಯು ತೀರಿಕೊಂಡ ಮೇಲೆ, ಆಕ್ಟಿನಿಯಂ ಲೋಹವನ್ನು ಮೊದಲು ಕಂಡ ದೆಬಿಯೆರ್ನ್ ಮಹಾಶಯನಿಗೂ ಮೇರಿಯ ಮಗಳಾದ ಇರೇನ್ ಜೋಲಿಯೋ-ಕ್ಯೂರಿಗೂ ಪೆರೆ ಈ ಕೆಲಸವನ್ನು ಮುಂದುವರಿಸಿದಳು. ವರ್ಷಗಳ ಅಭ್ಯಾಸದಿಂದ ಅವಳ ಕೈಗೆ ಒಂದು ವಿಶೇಷ ಚುರುಕು ಬಂದಿತ್ತು. ಬೇರೆಯವರಿಗೆ ಎಟುಕದಷ್ಟು ಶುದ್ಧವಾದ ಆಕ್ಟಿನಿಯಂ ಲೋಹವನ್ನು ಪಡೆದು, ಸಂತತಿ ಬೆಳೆಯುವುದಕ್ಕೆ ಮುಂಚೆಯೇ ಅಳತೆಯನ್ನು ಆರಂಭಿಸಬಲ್ಲವಳಾಗಿದ್ದಳು.

೧೯೩೫ರಲ್ಲಿ ಅಮೆರಿಕದ ಕೆಲವು ವಿಜ್ಞಾನಿಗಳು ಆಕ್ಟಿನಿಯಂ ತಾನೇ ಹೊರಸೂಸುವ ಬೀಟಾ ಕಿರಣಗಳನ್ನು ಅಳೆದೆವೆಂದು ಪ್ರಕಟಿಸಿದರು. ಪೆರೆಗೆ ಇದು ಒಪ್ಪಿಗೆಯಾಗಲಿಲ್ಲ. ಆ ಕಿರಣಗಳು ತಾಯಿಯವಲ್ಲ, ಸಂತತಿಯವು ಎಂಬುದು ಅವಳ ಅನುಮಾನ. ಅದನ್ನು ನಿರ್ಣಯಿಸುವುದಕ್ಕೆಂದು ಅತಿ ಶುದ್ಧವಾದ ಆಕ್ಟಿನಿಯಂ ತೆಗೆದುಕೊಂಡು, ಬೇರ್ಪಡಿಸಿದ ಗಳಿಗೆಯಿಂದಲೇ ವಿಕಿರಣವನ್ನು ಅಳೆಯುತ್ತ ಕುಳಿತಳು. ಮೊದಲು ಬೀಟಾ ಕಿರಣವು ಇಲ್ಲವೆಂಬಷ್ಟು ಕಡಿಮೆ. ಬಳಿಕ ನಿಮಿಷ ನಿಮಿಷಕ್ಕೂ ಏರತೊಡಗಿತು. ಸುಮಾರು ಎರಡು ಗಂಟೆಯ ಹೊತ್ತಿಗೆ ಆ ಏರಿಕೆ ತಡೆದು ನಿಂತಿತು. ಅದುವರೆಗೆ ತಿಳಿದಿದ್ದ ಆಕ್ಟಿನಿಯಂ ಸಂತತಿಯಲ್ಲಿ ಯಾವುದೂ ಈ ಗತಿಯಲ್ಲಿ ಬೆಳೆಯತಕ್ಕದ್ದಲ್ಲ. ಇಪ್ಪತ್ತೊಂದು ನಿಮಿಷಗಳ ಅರ್ಧಾಯುಷ್ಯವುಳ್ಳ ಹೊಸ ವಸ್ತುವೊಂದು ಅಲ್ಲಿ ಹುಟ್ಟುತ್ತಿರಬೇಕು. ಅದು ಯಾವ ಕುಲದ್ದು? ಆ ದ್ರಾವಣಕ್ಕೆ ಸೀಸಿಯಂ ಲವಣವನ್ನು ಸೇರಿಸಿ, ಸೀಸಿಯಂ ಗಸಿಯಾಗಿ ತಳಕ್ಕಿಳಿಯುವಂತೆ ಮಾಡಿದಾಗ, ಹೊಸ ವಿಕಿರಣವೂ ಅದರ ಹಿಂದೆಯೇ ಇಳಿಯಿತು. ತಮ್ಮನು ಅಣ್ಣನ ಕೈಹಿಡಿದು ನಡೆದನು, ಕುಲವು ತಿಳಿಯಿತು. ಆಕ್ಟಿನಿಯಂ ಪರಮಾಣುಗಳಲ್ಲಿ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಆಲ್ಫಾ ಕಣವನ್ನು ಬಿಟ್ಟು ೮೭ ಆಗುವುವು. ಉಳಿದವೆಲ್ಲ ಬೇರೆ ದಾರಿ ಹಿಡಿಯುವುವು. ಅಷ್ಟು ಕಿರಿದಾದ ಓಣಿಯಲ್ಲಿ ಮೂರು ತಲೆಮಾರಿನವರು ಹುಡುಕಿದ ವಸ್ತುವು ಅಡಗಿತ್ತು.

ಇದು ೧೯೩೯ರ ಜನವರಿ ೭ರ ಮಾತು. ಎರಡು ದಿನಗಳ ಬಳಿಕ, ೯ರಂದು, ಫ್ರೆಂಚ್ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ಅದು ಪ್ರಕಟವಾಯಿತು. ಅದೇ ವಾರದಲ್ಲಿಯೇ ಯುರೇನಿಯಂ ಕೇಂದ್ರವು ಒಡೆಯುವುದನ್ನು ತಿಳಿಸುವ ಹಾನ್ ಮತ್ತು ಸ್ಟ್ರಾಸ್‌ಮನ್ನರ ಲೇಖನವು ಜರ್ಮನಿಯಲ್ಲಿ ಹೊರಬಂದಿತ್ತು. ಲೋಕದ ಕಣ್ಣು ಅತ್ತ ತಿರುಗಿತು. ಆ ವರ್ಷವೇ ಯುದ್ಧವು ಆರಂಭವಾಗಿ, ಮರುವರ್ಷ ಪ್ಯಾರಿಸ್ ನಗರವು ಶತ್ರುವಶವಾಯಿತು. ಮೂಲವಸ್ತುವೊಂದನ್ನು ಕಂಡುಹಿಡಿದ ಮೇಲೆ ಪೆರೆ ಪದವಿಗೆ ಬೇಕಾದ ಪಾಠಗಳಿಗೆ ಕುಳಿತಳು. ೧೯೪೬ರ ಮಾರ್ಚಿಯಲ್ಲಿ ಸೊರ್ಬಾನಿನಲ್ಲಿ ಆಕೆ ಡಾಕ್ಟರ್ ಪದವಿಗೆ ಒಪ್ಪಿಸಿದ ಪ್ರಬಂಧದ ವಿಷಯವು ತಾನು ಕಂಡ ೮೭ನೆಯ ವಸ್ತುವೇ. ಹೆಸರಿನ ವಿಚಾರವೂ ಸ್ವಾರಸ್ಯವಾಗಿದೆ. ಧನವಿದ್ಯುತ್ತಿನ ಅಯಾನನ್ನು ಕ್ಯಾಟಯಾನ್ ಎನ್ನುವುದರಿಂದ, ಅಂಥ ಅಯಾನುಗಳಲ್ಲೆಲ್ಲ ಇದೇ ಪ್ರಬಲವೆಂದು ಭಾವಿಸಿ, ಪೆರೆ ಮೊದಲು ಕ್ಯಾಟಿಯಂ ಎಂಬ ಹೆಸರನ್ನು ಯೋಚಿಸಿದಳು. ಇಂಗ್ಲಿಷ್ ಬಲ್ಲವರು ಇದನ್ನು ಬೆಕ್ಕಿಗೆ ಸಂಬಂಧಿಸಿದುದೆಂದು ತಿಳಿಯಬಹುದೆಂದು ಇರೇನ್ ಆಕ್ಷೇಪಿಸಿದಳು. ಕೊನೆಗೆ ತನ್ನ ದೇಶದ ಹೆಸರಿನಿಂದ ಫ್ರಾನ್ಸಿಯಂ ಎಂದಳು. ೧೯೪೯ರಲ್ಲಿ ಅಂತರರಾಷ್ಟ್ರೀಯ ಸಂಘವು ಅದನ್ನು ಅಂಗೀಕರಿಸಿತು. ಅದೇ ವರ್ಷ ಪೆರೆ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣುಕೇಂದ್ರ ರಸಾಯನದ ಪ್ರಾಧ್ಯಾಪಿಕೆಯಾದಳು.

ಇಂಥ ಫ್ರಾನ್ಸಿಯಂ ನೋಡಲು ಹೇಗಿದೆ ಎಂದು ಕೇಳಬಹುದು. ಕಣ್ಣಿಗೆ ಕಾಣುವಷ್ಟು ಲೋಹವನ್ನು ಯಾರೂ ಒಟ್ಟುಗೂಡಿಸಿಲ್ಲ. ಕೂಡಿಸಿದರೂ ಅದು ತನ್ನ ವಿಕಿರಣದ ಬಿಸಿಯಿಂದಲೇ ಆವಿಯಾಗಿಹೋಗುವುದು. ಭೂಮಿಯ ಹೊರಪದರದಲ್ಲೆಲ್ಲ ಯಾವುದೇ ಒಂದು ಗಳಿಗೆಯಲ್ಲಿ ಇರುವ ಫ್ರಾನ್ಸಿಯಂ ಸುಮಾರು ೨೦ರಿಂದ ೩೦ ಗ್ರಾಂ ಎಂದು ಅಂದಾಜು. ಎಂದರೆ ಎರಡು ಮೂರು ತೊಲೆ. ಅದರ ಅತ್ಯಂತ ದೀರ್ಘಾಯುವಾದ ರೂಪಕ್ಕೂ ಅರ್ಧಾಯುಷ್ಯವು ೨೨ ನಿಮಿಷ ಮಾತ್ರ. ಈ ಭಾಷಣದ ಆರಂಭದಲ್ಲಿ ಇದ್ದುದರಲ್ಲಿ ಹೆಚ್ಚು ಕಡಿಮೆ ಅರ್ಧ ಈಗಾಗಲೇ ರೇಡಿಯಂ ಆಗಿಹೋಗಿರುವುದು. ಅಷ್ಟೇ ಹೊಸದಾಗಿ ಆಕ್ಟಿನಿಯಂನಿಂದ ಹುಟ್ಟಿರುವುದು. ಮೊದಲ ನೂರು ಮೂಲವಸ್ತುಗಳಲ್ಲಿ ಇಷ್ಟು ಅಲ್ಪಾಯುವಾದುದು ಬೇರೆ ಇಲ್ಲ. ಕುಲದ ಕ್ರಮವನ್ನು ಅನುಸರಿಸಿ ಫ್ರಾನ್ಸಿಯಂ ಸೀಸಿಯಂಗಿಂತಲೂ ಉಗ್ರವಾಗಿರಬೇಕೆಂದು ಎಲ್ಲರೂ ನಿರೀಕ್ಷಿಸಿದ್ದರು. ಅಳತೆಯು ಬೇರೆ ಹೇಳಿತು: ಅದರ ಹೊರಗಿನ ಎಲೆಕ್ಟ್ರಾನನ್ನು ಕೀಳಲು ಸೀಸಿಯಂಗಿಂತ ಸ್ವಲ್ಪ ಹೆಚ್ಚಿನ ಶಕ್ತಿಯೇ ಬೇಕು. ಭಾರವಾದ ಕೇಂದ್ರದ ಸುತ್ತ ಎಲೆಕ್ಟ್ರಾನುಗಳು ಬೆಳಕಿನ ವೇಗದ ಗಣನೀಯವಾದ ಪಾಲಿನಷ್ಟು ವೇಗವನ್ನು ಪಡೆಯುವುದರಿಂದ, ಐನ್‌ಸ್ಟೈನನ ಸಾಪೇಕ್ಷವಾದದಂತೆ ಅವುಗಳ ಹಿಡಿತವು ಬಿಗಿಯಾಗುವುದು.

ಹಾಗಾದರೆ ಇದರ ಪ್ರಯೋಜನವೇನು? ೧೯೯೦ರ ದಶಕದಲ್ಲಿ ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾನಿಲಯದವರು ಚಿನ್ನದ ಮೇಲೆ ಆಮ್ಲಜನಕದ ಕೇಂದ್ರಗಳನ್ನು ಎರಚಿ ಫ್ರಾನ್ಸಿಯಂ ತಯಾರಿಸಿದರು. ಚಿನ್ನ ೭೯, ಆಮ್ಲಜನಕ ೮, ಕೂಡ ೮೭. ಹಾಗೆ ಹುಟ್ಟಿದ ಸಾವಿರಾರು ಪರಮಾಣುಗಳನ್ನು ಲೇಸರ್ ಬೆಳಕಿನ ಮತ್ತು ಕಾಂತದ ಬೋನಿನಲ್ಲಿ ಹಿಡಿದಿಟ್ಟು, ಪ್ರಕೃತಿಯ ಮೂಲ ಬಲಗಳಲ್ಲೊಂದಾದ ದುರ್ಬಲ ಬಲವನ್ನು ಪರೀಕ್ಷಿಸುವುದಕ್ಕೆ ದಾರಿಮಾಡಿದರು. ಅಣ್ಣನಾದ ಸೀಸಿಯಂ ಲೋಕಕ್ಕೆಲ್ಲ ಕಾಲವನ್ನು ಅಳೆದುಕೊಡುತ್ತಿದೆ. ೧೯೬೭ರಿಂದ ಒಂದು ಸೆಕೆಂಡ್ ಎಂದರೆ ಸೀಸಿಯಂ ಪರಮಾಣುವಿನ ವಿಕಿರಣದ ೯,೧೯೨,೬೩೧,೭೭೦ ಆಂದೋಲನಗಳ ಅವಧಿ ಎಂದೇ ನಿರ್ಣಯ. ತಮ್ಮನಿಗೆ ಅಂಥ ಲೌಕಿಕ ಉದ್ಯೋಗವಿಲ್ಲ. ಅರ್ಬುದ ರೋಗವನ್ನು ಮೊದಲೇ ಪತ್ತೆಹಚ್ಚಲು ಅದು ನೆರವಾದೀತೆಂದು ಪೆರೆ ಆಶಿಸಿದ್ದಳು. ಆ ಆಸೆಯು ಕೈಗೂಡಲಿಲ್ಲ.

ಕೈಗೂಡದಿದ್ದುದಷ್ಟೇ ಅಲ್ಲ. ವರ್ಷಗಟ್ಟಲೆ ಆಕ್ಟಿನಿಯಂ ಲೋಹವನ್ನು ಬೇರ್ಪಡಿಸಿದ ಆ ಕೈಗಳ ಮೂಲಕ ವಿಕಿರಣವು ಅವಳ ದೇಹವನ್ನು ಹೊಕ್ಕಿತ್ತು. ಮೇರಿ ಕ್ಯೂರಿಯು ರಕ್ತಕ್ಷಯದಿಂದ ೧೯೩೪ರಲ್ಲಿಯೂ ಇರೇನ್ ರಕ್ತದ ಅರ್ಬುದದಿಂದ ೧೯೫೬ರಲ್ಲಿಯೂ ಹೋದರು. ಪೆರೆಯೂ ಅರ್ಬುದಕ್ಕೆ ತುತ್ತಾಗಿ, ದೀರ್ಘಕಾಲ ನರಳಿ, ೧೯೭೫ರ ಮೇ ೧೩ರಂದು ತೀರಿಕೊಂಡಳು. ೧೯೧೧ರಲ್ಲಿ ಮೇರಿ ಕ್ಯೂರಿಯನ್ನು ಅತ್ಯಲ್ಪ ಮತಗಳ ಅಂತರದಿಂದ ಹೊರಗಿಟ್ಟ ಅದೇ ವಿಜ್ಞಾನ ಅಕಾಡೆಮಿಯು ೧೯೬೨ರಲ್ಲಿ ಪೆರೆಯನ್ನು ಸಂವಾದಿ ಸದಸ್ಯೆಯಾಗಿ ಆರಿಸಿಕೊಂಡಿತ್ತು. ಆ ಸಂಸ್ಥೆಯು ತನ್ನ ಬಾಗಿಲನ್ನು ಒಬ್ಬ ಸ್ತ್ರೀಗೆ ತೆರೆದುದು ಅದೇ ಮೊದಲು. ಗುರುವಿಗೆ ಸಲ್ಲದ ಗೌರವವು ಶಿಷ್ಯೆಗೆ ಸಂದಿತು. ಆದರೆ ಆ ವೇಳೆಗೆ ಶಿಷ್ಯೆಯನ್ನು ರೋಗವು ಹಿಡಿದಿತ್ತು.

ಒಂದು ವಿಷಯವನ್ನು ಹೇಳಿ ಮುಗಿಸುತ್ತೇನೆ. ವಿಜ್ಞಾನದ ಚರಿತ್ರೆಯಲ್ಲಿ ಮಹಾಬುದ್ಧಿಯ ಪಾತ್ರವನ್ನು ಎಲ್ಲರೂ ಕೊಂಡಾಡುತ್ತಾರೆ; ಶುಚಿಯಾದ ಕೈಯ ಪಾತ್ರವನ್ನು ಮರೆಯುತ್ತಾರೆ. ೮೭ನೆಯ ಮನೆಯು ಖಾಲಿಯಿದೆಯೆಂದು ಹೇಳಿದವನು ಮೆಂಡಲೀಫ್; ಅದರ ಸಂಖ್ಯೆಯನ್ನು ನಿಶ್ಚಯಿಸಿದವನು ಮೋಸ್ಲಿ. ಅದರ ನಿವಾಸಿಯನ್ನು ಕಂಡೆವೆಂದು ಅವಸರಪಟ್ಟವರು, ತಾವು ಬಯಸಿದುದನ್ನೇ ಕ್ಷೀಣರೇಖೆಗಳಲ್ಲಿ ಕಂಡರು. ಪೆರೆ ೮೭ನ್ನು ಹುಡುಕುತ್ತ ಹೊರಟವಳಲ್ಲ. ತನ್ನ ಮುಂದಿದ್ದ ವಸ್ತುವನ್ನು ಪೂರ್ಣವಾಗಿ ಶುದ್ಧಿಮಾಡಬೇಕು, ಅದು ಏನು ಹೇಳುತ್ತದೆಯೋ ಅದನ್ನೇ ಬರೆದುಕೊಳ್ಳಬೇಕು ಎಂಬಷ್ಟೇ ಅವಳ ವ್ರತ. ಸವುಳು ಮಣ್ಣಿನಿಂದಲೂ ಒಲೆಯ ಬೂದಿಯಿಂದಲೂ ಕೊಳೆಯನ್ನು ಕಳೆಯುವ ಕೆಲಸದಿಂದ ಆರಂಭವಾದ ಈ ಕುಲದ ಕಥೆಯು, ಶುದ್ಧಿಯನ್ನೇ ಉದ್ಯೋಗವಾಗಿ ಮಾಡಿಕೊಂಡಿದ್ದ ಒಬ್ಬ ಸಹಾಯಕಿಯ ಕೈಯಲ್ಲಿ ಪೂರ್ಣವಾದುದು ಉಚಿತವಾಗಿಯೇ ಇದೆ.